ಬಸವನಹುಳುವಿನ ಮನೆಚಪ್ಪಲಿ

ಬೆಳಗಿನ ರೈಲಿಗೆ ಹೊರಡುವ ಮುಂಚೆ ಚೀಲಕ್ಕೆ ಎರಡು ವಸ್ತುಗಳನ್ನು ಮರೆಯದೆ ಹಾಕಿಕೊಂಡೆ. ಒಂದು, ಹಿಂದಿನ ಸಂಜೆ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿದಿಟ್ಟ ಕೋಳಿಹೋಳುಗಳು. ಅವನ್ನು ಬ್ರೆಡ್ಡಿನ ನಡುವೆ ಇಟ್ಟು, ಹುಳಿಸೌತೆಯ ಬಿಲ್ಲೆ ಸೇರಿಸಿ, ಫಾಯಿಲ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದೆ. ಇನ್ನೊಂದು, ನನ್ನ ಮಗಳು ವೆಂಡುಲಾಳ ಮನೆಚಪ್ಪಲಿ.

"ಪ್ರಾಗ್‌ನಲ್ಲಿ ಊಟ ಸಿಗಲ್ವಾ ಅಮ್ಮಾ?" ಅಂದಳು ವೆಂಡುಲಾ, ಶೂ ಲೇಸು ಕಟ್ಟಿಕೊಳ್ಳುತ್ತಾ.

"ಸಿಗುತ್ತೆ. ನನ್ನ ಕೈದು ಸಿಗಲ್ಲ."

"ಮತ್ತೆ ಚಪ್ಪಲಿ?"

"ಸಂಜೆ ಅಪ್ಪನ ಮನೆಗೆ ಹೋಗ್ತೀವಲ್ಲ. ಅಲ್ಲಿ ಅತಿಥಿಗಳ ಬುಟ್ಟಿಯಿಂದ ಯಾರದೋ ಹಳೇ ಚಪ್ಪಲಿ ಹಾಕ್ಕೊಂಡು ಓಡಾಡ್ತೀಯಾ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ಕಟ್ಟಿಯಾಗಿದ್ದ ಲೇಸನ್ನೇ ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

ನಮ್ಮಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಶೂ ಬಿಚ್ಚಿ ಮನೆಚಪ್ಪಲಿ ಹಾಕಿಕೊಳ್ಳಬೇಕು, ಅತಿಥಿಗಳಿಗೆಂದೇ ಅಲ್ಲೊಂದು ಬುಟ್ಟಿ ಇರುತ್ತದೆ. ವೆಂಡುಲಾಳ ಚಪ್ಪಲಿ ನಾನೇ ಹೊಲಿದದ್ದು. ನನ್ನ ಹಳೆಯ ಬೂದು ಕೋಟಿನ ದಪ್ಪ ಉಣ್ಣೆ ಕತ್ತರಿಸಿ, ಮೇಲೆ ಹಳದಿ ದಾರದಲ್ಲಿ ಒಂದೊಂದು ಬಸವನಹುಳು ಹಾಕಿದ್ದೆ. ನಮ್ಮೂರು ಪೊಲಿಚ್ಕಾದ ಶಿಶುವಿಹಾರದಲ್ಲಿ ನಾನು ಟೀಚರು. ಸೇರುವ ದಿನವೇ ಪ್ರತಿ ಮಗುವಿಗೂ ಒಂದು ಗುರುತಿನ ಚಿತ್ರ ಕೊಡುತ್ತೇವೆ, ಅಣಬೆಯೋ ಗಾಳಿಪಟವೋ ಚೆರ್ರಿ ಹಣ್ಣೋ. ಓದಲು ಬಾರದ ಮಗು ಅದನ್ನು ನೋಡಿಯೇ ತನ್ನ ಕೊಕ್ಕೆ, ತನ್ನ ಟವೆಲು, ತನ್ನ ಚಪ್ಪಲಿ ಗುರುತಿಸುತ್ತದೆ. ದೊಡ್ಡವರಾದ ಮೇಲೂ ಅದನ್ನು ಯಾರೂ ಮರೆಯುವುದಿಲ್ಲ. ಗಡ್ಡ ಬಂದ ಗಂಡಸರು ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ, "ಟೀಚರ್, ನಾನು ಗಾಳಿಪಟ, ಗೊತ್ತಾಯ್ತಾ?" ಎನ್ನುತ್ತಾರೆ. ವೆಂಡುಲಾಳಿಗೆ ಬಂದದ್ದು ಬಸವನಹುಳು. ಹನ್ನೊಂದು ವರ್ಷದವಳಾದರೂ ಪ್ರತಿ ಹೊಸ ಜೋಡಿಯ ಮೇಲೆ ಅದು ಇರಲೇಬೇಕು.

ಅವಳ ಅಪ್ಪ ಓತಾ ನಮ್ಮನ್ನು ಬಿಟ್ಟು ಪ್ರಾಗ್‌ಗೆ ಹೋದಾಗ ತನ್ನ ಮನೆಚಪ್ಪಲಿ ಒಯ್ದಿರಲಿಲ್ಲ. ಕಂದು ಚೌಕಳಿಯ ಚಪ್ಪಲಿ, ಬಾಗಿಲ ಪಕ್ಕದಲ್ಲೇ ಇತ್ತು. ವೆಂಡುಲಾ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಚಪ್ಪಲಿ ಇರುವ ಮನೆಗೆ ಮನುಷ್ಯ ಬರಲೇಬೇಕಲ್ಲ ಎಂಬುದು ಅವಳ ಲೆಕ್ಕ. ನಾನೂ ಹಾಗೇ ನಂಬಿಕೊಂಡು ಅದರ ಸುತ್ತಲೂ ಗುಡಿಸುತ್ತಿದ್ದೆ. ಓತಾನ ಜೊತೆ ಇಲೋನಾ ಎಂಬವಳಿದ್ದಾಳೆಂದು ತಿಳಿದ ದಿನ ಅದನ್ನು ಎತ್ತಿ ಅತಿಥಿಗಳ ಬುಟ್ಟಿಗೆ ಹಾಕಿದೆ. ಈಗ ಓತಾ ಮಗಳನ್ನು ನೋಡಲು ಬಂದಾಗ ಆ ಬುಟ್ಟಿಗೆ ಕೈ ಹಾಕಿ ತನ್ನದೇ ಚಪ್ಪಲಿ ತೆಗೆದು ಹಾಕಿಕೊಳ್ಳುತ್ತಾನೆ.

ಈ ಸಲ ನಾವು ಹೋಗುತ್ತಿದ್ದುದಕ್ಕೆ ಕಾರಣವಿತ್ತು. ಪ್ರಾಗ್‌ನ ನೃತ್ಯಶಾಲೆಗೆ ವೆಂಡುಲಾ ಆಯ್ಕೆಯಾಗಿದ್ದಳು. ನಮ್ಮೂರಿನಿಂದ ದಿನಾ ಓಡಾಡುವ ದೂರವಲ್ಲ. ಸೇರಿದರೆ ಸೆಪ್ಟೆಂಬರಿನಿಂದ ವಾರವೆಲ್ಲ ಅಪ್ಪನ ಮನೆಯಲ್ಲಿ, ಶನಿವಾರ ಭಾನುವಾರ ಮಾತ್ರ ನನ್ನ ಹತ್ತಿರ. ಸೋಮವಾರ ಶಾಲೆಗೆ ಉತ್ತರ ಹೇಳಬೇಕಿತ್ತು. "ಶನಿವಾರ ಊರು ನೋಡ್ಕೊಂಡು, ಸಂಜೆ ನಮ್ಮನೇಲಿ ಊಟ ಮಾಡಿ, ಅವಳೇ ಹೇಳ್ಲಿ" ಎಂದಿದ್ದ ಓತಾ. "ನೀನೂ ಬಾ ರೆನಾತಾ. ಇಲೋನಾ ಎಲ್ಲಾ ತೋರಿಸ್ತಾಳೆ."

ಇಲೋನಾ ತೋರಿಸುತ್ತಾಳೆ. ಆ ಊರಿನಲ್ಲಿ ಓದಿದವಳು ನಾನು. ಅಲ್ಲಿಯ ಟ್ರಾಮ್‌ಗಳಲ್ಲಿ ನಿದ್ದೆ ಮಾಡಿದವಳು, ಸೇತುವೆಯ ಮೇಲೆ ಓತಾನ ಕೈ ಹಿಡಿದು ಚಳಿಯಲ್ಲಿ ನಿಂತವಳು. ನನಗೆ ಇಲೋನಾ ತೋರಿಸುತ್ತಾಳಂತೆ!

ರೈಲಿನಿಂದ ಇಳಿದಾಗ ಅವಳು ಗಡಿಯಾರದ ಕೆಳಗೆ ನಿಂತಿದ್ದಳು. ಉದ್ದಕ್ಕೆ, ಗಿಡ್ಡ ಕೂದಲು, ಭುಜಕ್ಕೆ ಬಟ್ಟೆಚೀಲ. ಮಕ್ಕಳಿಗೆ ವಸ್ತುಸಂಗ್ರಹಾಲಯ ತೋರಿಸುವುದೇ ಅವಳ ಕೆಲಸ, ಹಾಗಾಗಿ ನಿಂತ ನಿಲುವಿನಲ್ಲೇ ಯಾರನ್ನೋ ಕಾಯುವ ಅಭ್ಯಾಸವಿತ್ತು. ವೆಂಡುಲಾ ನನ್ನ ಕೈ ಬಿಟ್ಟು ಓಡಿದಳು. ಇಬ್ಬರೂ ತಬ್ಬಿಕೊಳ್ಳಲಿಲ್ಲ. ತಬ್ಬಿಕೊಂಡಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮೊಣಕೈಗೆ ಮೊಣಕೈ ತಾಗಿಸಿ, ಆಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ, ಒಟ್ಟಿಗೆ "ಹುಪ್" ಎಂದರು. ಅವರಿಬ್ಬರಿಗೆ ಅವರದೇ ಒಂದು ನಮಸ್ಕಾರವಿತ್ತು.

"ಪ್ರಯಾಣ ಹೇಗಿತ್ತು ರೆನಾತಾ ಅವರೇ? ಚೀಲ ಕೊಡಿ, ನಾನು ಹಿಡ್ಕೋತೀನಿ."

"ಬೇಡ ಬೇಡ, ಹಗುರ ಇದೆ" ಎಂದೆ. ಹಗುರ ಇರಲಿಲ್ಲ.

ಹಳೆಯ ಪೇಟೆಯ ಚೌಕಕ್ಕೆ ಬಂದಾಗ ಗಂಟೆ ಬಾರಿಸುವ ಹೊತ್ತು. ಗೋಪುರದ ದೊಡ್ಡ ಗಡಿಯಾರದ ಮುಂದೆ ಜನ ಕಿಕ್ಕಿರಿದಿದ್ದರು. ಮೇಲಿನ ಕಿಟಕಿ ತೆರೆದು ಸಂತರ ಬೊಂಬೆಗಳು ಒಂದೊಂದಾಗಿ ಮುಖ ತೋರಿಸಿ ಹೋಗುವುದನ್ನು ನಾನು ವಿದ್ಯಾರ್ಥಿನಿಯಾಗಿದ್ದಾಗ ಎಷ್ಟು ಸಲ ನೋಡಿದ್ದೆನೋ. ಆದರೂ ಮಗಳ ಜೊತೆ ನೋಡುವುದು ಬೇರೆ. ಗಡಿಯಾರದ ಪಕ್ಕದ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆದು ಗಂಟೆ ಬಾರಿಸಿತು. ನಾನು ಕತ್ತೆತ್ತಿ, "ಅಲ್ನೋಡು ಪುಟ್ಟಾ, ಈಗ ಕಿಟಕಿ ತೆಗಿಯುತ್ತೆ" ಎಂದೆ.

ತಿರುಗಿ ನೋಡಿದರೆ ವೆಂಡುಲಾ ಮತ್ತು ಇಲೋನಾ ಗಡಿಯಾರಕ್ಕೆ ಬೆನ್ನು ಹಾಕಿ ನಿಂತು ಜನರನ್ನು ನೋಡುತ್ತಿದ್ದರು. ಇಬ್ಬರೂ ತುಟಿ ಕಚ್ಚಿ ನಗು ತಡೆದುಕೊಂಡಿದ್ದರು.

"ಇಲ್ಲಿ ನೋಡೋದು ಗಡಿಯಾರ ಅಲ್ಲಮ್ಮಾ, ಬಾಯಿಗಳು!" ಅಂದಳು ವೆಂಡುಲಾ. "ಗಂಟೆ ಹೊಡೆದಾಗ ಎಲ್ಲರ ಬಾಯೂ ತಾನಾಗೇ ತೆರೆಯುತ್ತೆ. ಯಾರದು ಎಲ್ಲಕ್ಕಿಂತ ದೊಡ್ಡದು ಅಂತ ನಾವು ಹುಡುಕ್ತೀವಿ. ಹೋದ ಸಲ ಒಬ್ಬ ತಾತನ ಹಲ್ಸೆಟ್ಟೇ ಬೀಳೋದ್ರಲ್ಲಿತ್ತು!"

"ಓಹೋ" ಎಂದೆ.

"ನಿನ್ನ ಬಾಯೂ ತೆರೆದಿತ್ತು."

ಇಲೋನಾ ಮೆಲ್ಲಗೆ ಅವಳ ಭುಜ ಚಿವುಟಿದಳು. ಅದೂ ನನಗೆ ಕಂಡಿತು. ನನ್ನ ಮರ್ಯಾದೆ ಉಳಿಸಲು ಆಕೆ ನನ್ನ ಮಗಳನ್ನು ಚಿವುಟುತ್ತಾಳೆ! ಮುಖದ ಮೇಲೆ ಶಿಶುವಿಹಾರದ ನಗು ತಂದುಕೊಂಡೆ. ಮಗು ಚಡ್ಡಿ ಒದ್ದೆ ಮಾಡಿಕೊಂಡಾಗ, ತಾಯಂದಿರು ಜಗಳಕ್ಕೆ ಬಂದಾಗ ಬಳಸುವ ನಗು ಅದು. ಇಡೀ ದಿನ ಅದನ್ನು ಕಳಚಲು ಬಿಡುವಾಗಲಿಲ್ಲ.

ಸೇತುವೆ ದಾಟುವಾಗ ಇಲೋನಾ ಅದರ ಮೇಲಿನ ಸಂತರ ವಿಗ್ರಹಗಳ ಕತೆ ಹೇಳುತ್ತಿದ್ದಳು. ಹೇಳುವುದು ಚೆನ್ನಾಗಿತ್ತು, ಅದೇ ಕಷ್ಟ. ಪಾಠದ ಹಾಗೆ ಹೇಳಿದ್ದರೆ ವೆಂಡುಲಾ ಆಕಳಿಸುತ್ತಿದ್ದಳು, ನನಗೂ ಸಮಾಧಾನವಾಗುತ್ತಿತ್ತು. ಆಕೆ ಪ್ರತಿ ಸಂತನಿಗೂ ಒಂದು ದೂರು ಕೊಟ್ಟಿದ್ದಳು. ಒಬ್ಬನಿಗೆ ಪಾರಿವಾಳದ ಕಾಟ, ಒಬ್ಬನಿಗೆ ಪಕ್ಕದವನ ಕೋಲು ಚುಚ್ಚುತ್ತದೆ, ಒಬ್ಬನಿಗೆ ಮುನ್ನೂರು ವರ್ಷದಿಂದ ಬೆನ್ನು ಕೆರೆದುಕೊಳ್ಳಬೇಕಾಗಿದೆ. ಆಕೆ ಅರ್ಧ ಹೇಳಿದ್ದನ್ನು ನನ್ನ ಮಗಳು ಪೂರ್ತಿ ಮಾಡುತ್ತಿದ್ದಳು. ನಾನು ಅವರ ಹಿಂದೆ ಚೀಲ ಹೊತ್ತು ನಡೆಯುತ್ತಾ, ಮಗಳ ಜಡೆ ಸಡಿಲವಾಗಿರುವುದನ್ನೇ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ನಿಲ್ಲಿಸಿ, ಪೂರ್ತಿ ಬಿಚ್ಚಿ, ಮತ್ತೆ ಹೆಣೆದೆ. ಬೇಕೆಂದೇ ನಿಧಾನವಾಗಿ ಹೆಣೆದೆ. ಅಷ್ಟು ಹೊತ್ತಾದರೂ ಅವಳು ನನ್ನ ಕೈಯಲ್ಲಿದ್ದಳು. ಇಲೋನಾ ಸೇತುವೆಯ ಕಟ್ಟೆಗೆ ಒರಗಿ ನದಿ ನೋಡುತ್ತಾ ಕಾದಳು. ಅವಸರ ಮಾಡಲಿಲ್ಲ. ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

"ಈಗ ಹೊಟ್ಟೆಗೆ ಏನಾದ್ರೂ ಹಾಕೋಣ. ಇಲ್ಲೇ ಒಂದು ಕೆಫೆ ಇದೆ" ಎಂದಳು ಆಕೆ.

"ನಾನು ಬ್ರೆಡ್ಡು, ಕೋಳಿಹೋಳು ತಂದಿದೀನಿ" ಎಂದೆ.

"ಅಮ್ಮಾ!" ವೆಂಡುಲಾ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ಪ್ರಾಗ್‌ನಲ್ಲಿ ಯಾರಾದ್ರೂ ಫಾಯಿಲ್ ಬಿಚ್ಕೊಂಡು ಕೂರ್ತಾರಾ?"

ಹುಟ್ಟಿದಾಗಿನಿಂದ ಎಲ್ಲಿಗೆ ಹೊರಟರೂ, ಕೆರೆಗಾಗಲಿ, ಕಾಡಿಗೆ ಅಣಬೆ ಆರಿಸಲಿಕ್ಕಾಗಲಿ, ರೈಲು ಊರಿನ ಗಡಿ ದಾಟುವ ಮೊದಲೇ "ಅಮ್ಮಾ, ಕೋಳಿಹೋಳು" ಎಂದು ಕೈ ಚಾಚುತ್ತಿದ್ದ ಹುಡುಗಿ ಇವಳು.

ಕೆಫೆಯಲ್ಲಿ ಅವಳು ಕೆನೆ ತುಂಬಿದ ದುಂಡು ಕೇಕು ತಿಂದಳು. ಮೂಗಿನ ತುದಿಗೆ ಸಕ್ಕರೆಪುಡಿ ಅಂಟಿತು. ಒರೆಸಲು ನಾನು ಕರವಸ್ತ್ರ ತೆಗೆಯುವಷ್ಟರಲ್ಲಿ ಇಲೋನಾ ತನ್ನ ಮೂಗನ್ನು ಬೆರಳಿನಿಂದ ಮುಟ್ಟಿಕೊಂಡು ಸನ್ನೆ ಮಾಡಿದಳು. ವೆಂಡುಲಾ ತಾನೇ ಒರೆಸಿಕೊಂಡಳು. ನಾನು ಕರವಸ್ತ್ರವನ್ನು ಮಡಿಸಿ ಒಳಗಿಟ್ಟೆ. ಮೇಜಿನ ಕೆಳಗಿನ ಚೀಲದಿಂದ ಬೆಳ್ಳುಳ್ಳಿಯ, ಹುಳಿಸೌತೆಯ ವಾಸನೆ ಬರುತ್ತಿತ್ತು. ಕಾಫಿ ತಂದವನು ಒಮ್ಮೆ ಬಗ್ಗಿ ನೋಡಿದ. ಕಾಲಿನಿಂದ ಚೀಲವನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ.

ಆದರೆ ಕೇಕು ಎಷ್ಟು ಹೊತ್ತು ನಿಲ್ಲುತ್ತದೆ? ಊರೆಲ್ಲ ಕಾಣುವ ಗುಡ್ಡ ಹತ್ತಿ, ಹಣ್ಣಿನ ಮರಗಳ ಕೆಳಗಿನ ಬೆಂಚಿಗೆ ಬಂದಾಗ ವೆಂಡುಲಾ ನನ್ನ ಪಕ್ಕಕ್ಕೆ ಸರಿದು, "ಅಮ್ಮಾ, ಅದು ಇನ್ನೂ ಇದೆಯಾ?" ಎಂದಳು.

ನನಗೆ ಒಳಗೊಳಗೇ ಹಬ್ಬ. "ಯಾವುದು?" ಎಂದೆ.

"ಸುಮ್ನಿರಮ್ಮ, ಕೊಡು."

ಫಾಯಿಲ್ ಬಿಚ್ಚಿದೆ. ಗಬಗಬ ತಿಂದಳು. ನಾನು ನೆಟ್ಟಗೆ ಕೂತು ಊರಿನ ಕೆಂಪು ಹೆಂಚುಗಳನ್ನು ನೋಡಿದೆ. ಆಗ ಇಲೋನಾ, "ನನಗೂ ಒಂದು ಸಿಗುತ್ತಾ?" ಎಂದು ಕೇಳಿದಳು. ಕೊಡದಿರಲಾಗುತ್ತದೆಯೇ? ಒಂದು ತುತ್ತು ಕಚ್ಚಿ ಕಣ್ಣು ಮುಚ್ಚಿದಳು. "ನಮ್ಮಮ್ಮ ಹೋದ್ಮೇಲೆ ನಾನಿದನ್ನ ತಿಂದೇ ಇಲ್ಲ. ನಾನು ಮಾಡಿದ್ರೆ ಪುಡಿ ಎಲ್ಲ ಕಳಚಿ ಬಾಣಲೇಲೇ ಉಳಿಯುತ್ತೆ. ನೀವು ಏನ್ ಮಾಡ್ತೀರಿ?"

"ಸುಮ್ನೆ ಅದ್ದಿ ಕರಿಯೋದು ಅಷ್ಟೆ" ಎಂದೆ. ಪುಡಿ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು ಎಂಬುದನ್ನು ಹೇಳಲಿಲ್ಲ. ಮಗಳನ್ನೂ ಕೊಟ್ಟು ಅದನ್ನೂ ಕೊಡಲೇ?

ನನ್ನ ಕೈಯಲ್ಲಿ ಇನ್ನೂ ಒಂದು ತುರುಪಿನ ಎಲೆ ಉಳಿದಿತ್ತು. ಆ ಗುಡ್ಡದ ಹಿಂದೆ, ಹಿಂದಿನ ಕಾಲದ ಸಿರಿವಂತರ ಒಂದು ಅರಮನೆ ಇದೆ. ಅಲ್ಲಿಯ ಮರದ ನೆಲ ಗೀರಬಾರದೆಂದು ಬಾಗಿಲಲ್ಲಿ ದೊಡ್ಡ ಪೆಟ್ಟಿಗೆ ತುಂಬ ಉಣ್ಣೆಯ ಚಪ್ಪಲಿ ಇಟ್ಟಿರುತ್ತಾರೆ. ಹಡಗಿನಷ್ಟು ದೊಡ್ಡವು, ಶೂ ಸಮೇತ ಕಾಲು ತೂರಿಸಬೇಕು. ಏಳು ವರ್ಷದವಳಿದ್ದಾಗ ನನ್ನ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಚಿತ್ರಪಟಗಳಾಗಲಿ, ಚಿನ್ನದ ಕುರ್ಚಿಗಳಾಗಲಿ ನನಗೆ ನೆನಪಿಲ್ಲ. ಕನ್ನಡಿಯಂಥ ನೆಲದ ಮೇಲೆ ಜಾರಿದ್ದು ಮಾತ್ರ ನೆನಪಿದೆ. ಮಗಳಿಗೆ ಅದನ್ನು ತೋರಿಸಬೇಕೆಂದು ವಾರದಿಂದ ಗುಟ್ಟಾಗಿ ಇಟ್ಟುಕೊಂಡಿದ್ದೆ.

"ಈಗ ನಾನೊಂದು ಜಾಗಕ್ಕೆ ಕರ್ಕೊಂಡು ಹೋಗ್ತೀನಿ. ಎಲ್ಲಿಗೆ ಅಂತ ಕೇಳ್ಬೇಡ" ಎಂದೆ. ದಾರಿ ತಪ್ಪದೆ, ಯಾರನ್ನೂ ಕೇಳದೆ ಕರೆದೊಯ್ದೆ. ಬಾಗಿಲು ಕಾಣಿಸಿದ್ದೇ ವೆಂಡುಲಾ ಕುಣಿದಳು.

"ಓ, ದೊಡ್ಡ ಚಪ್ಪಲಿ ಅರಮನೆ! ಇಲ್ಲಿಗೆ ಬಂದಿದೀನಮ್ಮಾ, ಈಸ್ಟರ್ ರಜದಲ್ಲಿ ಇಲೋನಾ ಜೊತೆ."

ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. "ನನಗೆ ಹೇಳ್ಲೇ ಇಲ್ವಲ್ಲ?"

"ಹೇಳಿದ್ರೆ ನಿನಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಒಳಗೆ ಹೋದೆವು. ಪೆಟ್ಟಿಗೆಯಿಂದ ಚಪ್ಪಲಿ ಆರಿಸಿ ಹಾಕಿಕೊಂಡೆವು. ಉದ್ದನೆಯ ಹಜಾರ, ಆ ತುದಿಯ ಕಿಟಕಿಯಿಂದ ಬಿಸಿಲು ಬಿದ್ದು ನೆಲ ಜೇನಿನ ಹಾಗೆ ಹೊಳೆಯುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಕಾವಲಿನ ಅಜ್ಜಿ ಹೆಣಿಗೆ ಹಾಕುತ್ತಾ ಕೂತಿದ್ದಳು. ವೆಂಡುಲಾ ಕಾಲನ್ನು ನೆಲಕ್ಕೆ ಒರೆಸುತ್ತಾ, ಮುದುಕಿಯರ ಹಾಗೆ ನಡೆಯುತ್ತಿದ್ದಳು.

"ಏನೇ ಇದು, ಜಾರಲ್ವಾ?" ಎಂದೆ.

"ಇಲ್ಲಿ ಜಾರಬಾರದಮ್ಮಾ. ನೆಲಕ್ಕೆ ವಯಸ್ಸಾಗಿದೆ ಅಂತ ಇಲೋನಾ ಹೇಳಿದಾಳೆ."

ಏನಾಯಿತೋ ಗೊತ್ತಿಲ್ಲ. ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಕಾಲಿಗಿಳಿಯಿತು. ಮಗಳ ಕೈ ಹಿಡಿದು, ಎರಡು ಹೆಜ್ಜೆ ಓಡಿ, ಬಿಟ್ಟೆ. ಇಬ್ಬರೂ ಹಜಾರದ ಉದ್ದಕ್ಕೂ ಸುಂಯ್ ಎಂದು ಹೋದೆವು. ಗೋಡೆಯ ಮೇಲಿನ ರಾಜಕುಮಾರರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ವೆಂಡುಲಾ ಕಿಟಾರನೆ ಕಿರುಚಿ ನಕ್ಕಳು. ಕಿಟಕಿಯ ಹತ್ತಿರ ನಿಲ್ಲಲಾಗದೆ ಇಬ್ಬರೂ ಪರದೆಯನ್ನು ತಬ್ಬಿಕೊಂಡೆವು.

"ಅಮ್ಮಣ್ಣೀ! ಮಕ್ಕಳಿಗೆ ಬುದ್ಧಿ ಹೇಳೋರೇ ಹಿಂಗ್ ಮಾಡಿದ್ರೆ ಹೆಂಗೆ?" ಅಜ್ಜಿ ಎದ್ದೇಬಿಟ್ಟಳು. ಹೆಣಿಗೆಯ ಉಂಡೆ ಉರುಳಿತು. "ವಯಸ್ಸೆಷ್ಟು ನಿಂಗೆ?"

"ಏಳು" ಎಂದೆ. ವೆಂಡುಲಾ ನಕ್ಕು ನಕ್ಕು ನೆಲಕ್ಕೇ ಕೂತಳು.

ಇಲೋನಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ನಮ್ಮಿಬ್ಬರ ಕೋಟು. ಆ ಅಜ್ಜಿಗೆ ಆಕೆಯ ಪರಿಚಯವಿತ್ತು. ಕಿವಿಯವರೆಗೂ ಕೆಂಪಾಗಿ, ಅಜ್ಜಿಯ ಉಂಡೆ ಹೆಕ್ಕಿಕೊಟ್ಟು, ನಮ್ಮ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಇಡೀ ದಿನದಲ್ಲಿ ನಾನು ಗೆದ್ದದ್ದು ಅದೊಂದೇ ಸಲ. ಅದರ ರುಚಿ ಬಾಯಲ್ಲಿದ್ದಾಗಲೇ ವೆಂಡುಲಾ ಎದ್ದು ಹೋಗಿ, "ಸಾರಿ ಇಲೋನಾ, ನಿನಗೆ ಬೈಗುಳ ಬಿತ್ತಾ?" ಎಂದು ಆಕೆಯ ತೋಳು ಹಿಡಿದಳು.

ರುಚಿ ಅಲ್ಲಿಗೆ ಮುಗಿಯಿತು.

ಓತಾನ ಮನೆ ಮೂರನೆಯ ಮಹಡಿ. ಟ್ರಾಮ್ ಇಳಿದು ಮೆಟ್ಟಿಲು ಹತ್ತುವಾಗ ವೆಂಡುಲಾ ಹಿಂದೆ ಉಳಿದಳು. ಅವಳೇ ಮುಂದೆ ಓಡಬೇಕಾದ ಹುಡುಗಿ. ಬಾಗಿಲು ತೆರೆದ ಓತಾ ತೋಳಿನ ಮೇಲೆ ಟವೆಲು ಹಾಕಿಕೊಂಡಿದ್ದ. ಒಳಗಿನಿಂದ ಆಲೂಗಡ್ಡೆ ಸೂಪಿನ ವಾಸನೆ.

"ಬನ್ನಿ ಬನ್ನಿ. ಶೂ ಬಿಚ್ಬೇಡಿ!"

"ಇಲ್ಲಪ್ಪ, ಬಿಚ್ತೀವಿ."

"ಬಿಡಿ ರೆನಾತಾ ಅವರೇ, ಹೇಗೂ ನೆಲ ಒರೆಸಿಲ್ಲ" ಎಂದಳು ಇಲೋನಾ, ತಾನು ಬಿಚ್ಚುತ್ತಲೇ. ನೆಲ ಫಳಫಳ ಹೊಳೆಯುತ್ತಿತ್ತು. ಬೇಡ ಎನ್ನುವುದು ಅವರ ಮರ್ಯಾದೆ, ಬಿಚ್ಚುವುದು ನಮ್ಮದು. ಆಕೆ ಬುಟ್ಟಿಯಿಂದ ಒಂದು ಜೋಡಿ ಚಪ್ಪಲಿ ತೆಗೆದು ನನ್ನ ಮುಂದಿಟ್ಟಳು. ನಾನು ಕಾಲು ತೂರಿಸಿ, ಚೀಲದಿಂದ ಮಗಳ ಚಪ್ಪಲಿ ತೆಗೆಯಲು ಬಗ್ಗಿದೆ.

ಆಗ ಕಾಣಿಸಿತು. ಗೋಡೆಯ ಕೆಳಗಿನ ಹಲಗೆಯ ಮೇಲೆ, ಓತಾನ ಜಾಗ ಮತ್ತು ಇಲೋನಾಳ ಜಾಗದ ನಡುವೆ, ಕೆಂಪು ಉಣ್ಣೆಯ ಹೊಸ ಜೋಡಿ. ಬುಟ್ಟಿಯಲ್ಲಲ್ಲ, ಹಲಗೆಯ ಮೇಲೆ. ಎರಡರ ಮೇಲೂ ಹಳದಿ ದಾರದ ಬಸವನಹುಳು.

ಕೊಂಡು ತಂದದ್ದಾಗಿದ್ದರೆ ಉಗಿದು ಮುಂದೆ ಹೋಗುತ್ತಿದ್ದೆ. ಅದು ಕೊಂಡದ್ದಲ್ಲ. ಚಿಪ್ಪಿನ ಸುರುಳಿ ಸೊಟ್ಟ, ಹೊಲಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಂದರ ಕೊಂಬು ಇನ್ನೊಂದಕ್ಕಿಂತ ಉದ್ದ. ನನ್ನ ಹುಳು ಎಡಕ್ಕೆ ಹೋಗುತ್ತದೆ, ಇದು ಬಲಕ್ಕೆ ಹೊರಟಿತ್ತು. ಸೂಜಿ ಹಿಡಿದು ಅಭ್ಯಾಸವಿಲ್ಲದ ಕೈ, ಮತ್ತೆ ಮತ್ತೆ ಬಿಚ್ಚಿ ಹಾಕಿದ ತೂತುಗಳು ಉಣ್ಣೆಯ ಮೇಲೆ ಹಾಗೇ ಉಳಿದಿದ್ದವು. ಶಿಶುವಿಹಾರದಲ್ಲಿ ಇಂಥದನ್ನು ಯಾವ ತಾಯಿ ಮಾಡಿ ತಂದರೂ ನಾನು ಬೆನ್ನು ತಟ್ಟುತ್ತೇನೆ.

ಚಪ್ಪಲಿ ಕೈಯಲ್ಲಿ ಹಿಡಿದು ನಾನು ನಿಂತೆ. ಇಲೋನಾ ನನ್ನ ಕೈ ನೋಡಿದಳು, ನಾನು ಹಲಗೆ ನೋಡಿದೆ. ವೆಂಡುಲಾ ಕಾಲುಚೀಲವನ್ನೂ ಕಳಚಿ ಶೂ ಒಳಗೆ ತುರುಕಿದಳು.

"ನಂಗೆ ಸೆಖೆ" ಎಂದಳು. "ನಾನು ಬರಿಗಾಲಲ್ಲೇ ಇರ್ತೀನಿ."

"ನೆಲ ತಣ್ಣಗಿದೆ!" ಎಂದೆವು ನಾನೂ ಇಲೋನಾನೂ ಒಟ್ಟಿಗೆ.

"ಸೆಖೆ ಅಂದ್ನಲ್ಲ" ಎಂದು ಅವಳು ನಮ್ಮಿಬ್ಬರ ನಡುವೆ ತೂರಿ ಒಳಗೆ ಹೋದಳು. ನಾನು ಚಪ್ಪಲಿಯನ್ನು ಚೀಲಕ್ಕೆ ಹಾಕಿದೆ. ಇಲೋನಾ ಕೆಂಪು ಜೋಡಿಯನ್ನು ಮುಟ್ಟಲಿಲ್ಲ.

ಸೂಪು ಚೆನ್ನಾಗಿತ್ತು. ನನ್ನ ಜೊತೆ ಇದ್ದಾಗ ಓತಾ ನೀರು ಕಾಯಿಸಿದ್ದು ಕೂಡ ನನಗೆ ನೆನಪಿಲ್ಲ. ಅವನು ತಾನು ಕೆಲಸ ಮಾಡುವ ನಾಟಕಶಾಲೆಯ ದೀಪಗಳ ಕತೆ ಹೇಳಿದ. ಯಾರೂ ನಗಲಿಲ್ಲ. ಕೊನೆಗೆ ಚಮಚ ಕೆಳಗಿಟ್ಟು, "ಸರಿ ವೆಂಡುಲಾ, ಹೇಳಮ್ಮ. ಸೆಪ್ಟೆಂಬರಿನಿಂದ ಏನ್ ಮಾಡೋಣ? ನೀನು ಹೇಳಿದ ಹಾಗೆ" ಎಂದ.

ವೆಂಡುಲಾ ಸೂಪಿನ ತಟ್ಟೆಯಲ್ಲಿ ಉಳಿದಿದ್ದ ಅಣಬೆಯ ಚೂರನ್ನು ಅಂಚಿನ ಉದ್ದಕ್ಕೂ ತಳ್ಳಿದಳು. "ಅಮ್ಮ ಏನ್ ಹೇಳ್ತಾಳೋ ಅದು."

"ಅಮ್ಮನ್ನಲ್ಲ ಕೇಳಿದ್ದು, ನಿನ್ನ."

"ನಂಗೆ ಗೊತ್ತಿಲ್ಲ. ನಂಗೆ ಎರಡೂ ಓಕೆ."

ಇದೇ ನನಗೆ ಬೇಕಾಗಿದ್ದ ಗಳಿಗೆ. ನಾನೊಂದು ಮಾತು ಹೇಳಿದರೆ ಸಾಕಿತ್ತು. ಇನ್ನೂ ಚಿಕ್ಕವಳು, ಒಂದೆರಡು ವರ್ಷ ಹೋಗಲಿ, ನಮ್ಮೂರಲ್ಲೂ ನೃತ್ಯ ಕಲಿಸುತ್ತಾರೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಅವಳೂ ನನ್ನ ಜೊತೆ ರೈಲು ಹತ್ತುತ್ತಿದ್ದಳು. ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ನನ್ನ ಕರವಸ್ತ್ರ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ.

ಮೇಜಿನ ಕೆಳಗೆ ಅವಳ ಪಾದಗಳಿದ್ದವು. ಹೆಂಚುಹಾಸಿನ ಮೇಲೆ ಒಂದರ ಮೇಲೊಂದು ಹತ್ತಿಸಿಕೊಂಡು, ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು, ಚಳಿಗೆ ನೀಲಿಯಾಗಿದ್ದವು. ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುವಾಗ ಹಿಂದೆ ತುದಿಬೆರಳಿನ ಮೇಲೆ ನಿಂತು ಸುತ್ತುವ ಪಾದಗಳು. ಬೆಳಗಿನಿಂದ ಈ ಮಗು ಏನೆಲ್ಲ ನುಂಗಿದೆ ಎಂದು ಆಗ ಹೊಳೆಯಿತು. ರೈಲಿಗೆ ಹೊರಡುವಾಗ ತಡೆದ ಮಾತು, ಅರಮನೆಯ ಮೆಟ್ಟಿಲ ಮೇಲೆ ಅರ್ಧಕ್ಕೇ ನಿಂತ ಮಾತು. ಕೇಕು ತಿಂದು ನನಗಾಗಿ ಕೋಳಿಹೋಳು ಕೇಳಿದ್ದಳೋ, ಹಸಿದೇ ಕೇಳಿದ್ದಳೋ, ಅದೂ ಈಗ ಅನುಮಾನವಾಯಿತು. ನನಗೆ ನೋವಾಗದಿರಲಿ ಎಂದು ಬರಿಗಾಲಲ್ಲಿ ಕೂತಿದ್ದಾಳೆ. ಹೀಗೇ ಬಿಟ್ಟರೆ ಇನ್ನೆಷ್ಟು ದಿನ ಕೂರುತ್ತಾಳೋ.

ಎದ್ದು ಬಾಗಿಲ ಹತ್ತಿರ ಹೋದೆ. ಹಲಗೆಯಿಂದ ಕೆಂಪು ಜೋಡಿ ತೆಗೆದುಕೊಂಡು ಬಂದು, ಮಗಳ ಕುರ್ಚಿಯ ಮುಂದೆ ಮಂಡಿಯೂರಿ ಕೂತೆ. ಒಂದೊಂದೇ ಪಾದವನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಚಪ್ಪಲಿ ತೊಡಿಸಿದೆ.

"ಎದ್ದು ನಿಲ್ಲು."

ನಿಂತಳು. ಒಂದು ಹೆಜ್ಜೆ ಇಟ್ಟದ್ದೇ ಚಪ್ಪಲಿ ಹಿಂದೆ ಉಳಿಯಿತು.

"ಬೆಳೆಯೋ ಕಾಲು ಅಂತ ದೊಡ್ಡದೇ ಹೊಲಿದೆ" ಎಂದಳು ಇಲೋನಾ. ದನಿ ಸಣ್ಣದಾಗಿತ್ತು. "ತುಂಬಾ ದೊಡ್ಡದಾಯ್ತೇನೋ. ನನಗೆ ಇದೆಲ್ಲ ಗೊತ್ತಾಗಲ್ಲ ರೆನಾತಾ ಅವರೇ."

ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆಯಿತು. ಆ ಸಂತೋಷವನ್ನು ಮಂಡಿಯ ಕೆಳಗೆ ಒತ್ತಿಟ್ಟುಕೊಂಡೆ. "ಗೊತ್ತಾಗಲ್ಲ ಅಂತಲ್ಲ. ಸ್ವಲ್ಪ ದಿನ ಹೋದ್ರೆ ಸರಿಹೋಗುತ್ತೆ" ಎಂದೆ. ಆಮೇಲೆ ಚೀಲದಿಂದ ನನ್ನ ಬೂದು ಜೋಡಿ ತೆಗೆದೆ. "ಅಲ್ಲೀವರೆಗೆ ಇದನ್ನ ಹಾಕ್ಕೊಳ್ಲಿ ಅವಳು. ಇದು ಇಲ್ಲೇ ಇರ್ಲಿ."

ವೆಂಡುಲಾ ಬೂದು ಜೋಡಿ ನೋಡಿದಳು. "ಇಲ್ಲೇನಾ?"

"ವಾರಪೂರ್ತಿ ಇರೋಳಿಗೆ ಚಪ್ಪಲಿ ಬೇಡ್ವಾ? ಶನಿವಾರ ರೈಲು ತಪ್ಪಿಸಿದ್ರೆ ಮಾತ್ರ ನೋಡು, ಬಂದು ಕಿವಿ ಹಿಂಡ್ಕೊಂಡು ಕರ್ಕೊಂಡು ಹೋಗ್ತೀನಿ."

ಅವಳು ನನ್ನ ಕತ್ತಿಗೆ ಜೋತುಬಿದ್ದಳು. ಎಷ್ಟು ಬಿಗಿಯಾಗಿ ಎಂದರೆ ಅವಳಿಗೆ ಆ ಶಾಲೆ ಎಷ್ಟು ಬೇಕಾಗಿತ್ತೆಂದು ನನಗೆ ಪೂರ್ತಿ ತಿಳಿಯಿತು. ಅಷ್ಟು ತಿಳಿಯದಿದ್ದರೂ ಆಗುತ್ತಿತ್ತು.

ಹೊರಡುವಾಗ ಇಲೋನಾ ಎರಡೂ ಜೋಡಿಯನ್ನು ಹಲಗೆಯ ಮೇಲೆ ಇಟ್ಟಳು. ಬೂದು ಮುಂದೆ, ಕೆಂಪು ಹಿಂದೆ. ಎರಡು ಬಸವನಹುಳುಗಳು ಎಡಕ್ಕೆ, ಎರಡು ಬಲಕ್ಕೆ. ಬಾಗಿಲವರೆಗೆ ಬಂದು ಏನೋ ಹೇಳಲು ನಿಂತಳು. ನಾನೇ ಹೇಳಿಬಿಟ್ಟೆ: "ಪುಡಿ ಹಚ್ಚಿದ್ಮೇಲೆ ತಕ್ಷಣ ಕರೀಬೇಡಿ. ಸ್ವಲ್ಪ ಹೊತ್ತು ಹಾಗೇ ಬಿಡಿ, ಆಗ ಕಳಚಲ್ಲ." ಮೆಟ್ಟಿಲಿಳಿಯುವಾಗ ಹೇಳಬಾರದಿತ್ತು ಅನ್ನಿಸಿತು.

ರೈಲಿನಲ್ಲಿ ವೆಂಡುಲಾ ಶೂ ಬಿಚ್ಚಿ, ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿದಳು. ಹೊರಗೆ ಇನ್ನೂ ಬೆಳಕಿತ್ತು. ಸಾಸಿವೆ ಹೊಲಗಳು ಹಳದಿಯಾಗಿ ಓಡುತ್ತಿದ್ದವು. ಅವಳ ಪಾದ ಹಿಡಿದು ಕೂತವಳ ಕೈ ತಾನಾಗಿಯೇ ಅಳತೆ ತೆಗೆಯಿತು. ಹೆಬ್ಬೆರಳಿನಿಂದ ಹಿಮ್ಮಡಿಗೆ ಒಂದು ಗೇಣು, ಮೇಲೊಂದು ಬೆರಳು. ಚಳಿಗಾಲದಲ್ಲಿ ಬೂದು ಚಪ್ಪಲಿ ಹೊಲಿದಾಗ ಬರಿ ಗೇಣಿತ್ತು. ಈ ವಯಸ್ಸಿನ ಕಾಲು ಬೇಸಿಗೆಯಲ್ಲಿ ಹೇಗೆ ಓಡುತ್ತದೆ ಎಂದು ನನಗೆ ಗೊತ್ತು. ಅವಳು ಸೆಪ್ಟೆಂಬರಿನಲ್ಲಿ ಆ ಮನೆಗೆ ಹೋಗುವ ಹೊತ್ತಿಗೆ ನನ್ನದು ಬಿಗಿಯಾಗಿರುತ್ತದೆ, ಕೆಂಪು ಸರಿಯಾಗಿ ಕೂರುತ್ತದೆ. ಬಲಕ್ಕೆ ಹೋಗುವ ಸೊಟ್ಟ ಬಸವನಹುಳು ನನ್ನ ಮಗಳ ಕಾಲ ಮೇಲೆ ಪ್ರಾಗ್‌ನ ಬೆಳಗುಗಳಲ್ಲಿ ಓಡಾಡುತ್ತದೆ.

ಆ ಕೋಟಿನಲ್ಲಿ ಬೆನ್ನಿನ ಭಾಗ ಇನ್ನೂ ಹಾಗೇ ಇದೆ. ಬೀರುವಿನ ಮೇಲಿನ ಖಾನೆಯಲ್ಲಿ ಮಡಿಸಿಟ್ಟಿದ್ದೇನೆ. ಇನ್ನೊಂದು ಜೋಡಿಗೆ ಧಾರಾಳ ಸಾಕು. ಇನ್ನೊಂದು ಬೆರಳು ಸೇರಿಸಿ ಕತ್ತರಿಸಬೇಕು. ಬೇಡ, ಎರಡು ಬೆರಳೇ ಸೇರಿಸಿಬಿಡುತ್ತೇನೆ.